ದೊಡ್ಡ ಇಲಿ

ಕಂಬಿ ಹಿಡಿದ ಆ ಕೈಯ ಉಗುರು ಎಷ್ಟು ಉದ್ದ, ಬಣ್ಣ ಬೇರೆ ಹಚ್ಚಿದ್ದಾಳೆ, ದಾಳಿಂಬೆ ಕೆಂಪು, ಇನ್ನೊಂದು ಕೈಯಿಂದ ಮೊಣಕೈ ಕೆರೆದುಕೊಂಡಳು, ಸುಮ್ಮನೆ, ತನಗೇ ಗೊತ್ತಿಲ್ಲದ ಹಾಗೆ, ಪರಪರ ಎರಡು ಸಲ, ಬಿಟ್ಟಳು, ಮುಗಿಯಿತು — ಚರ್ಮದ ಮೇಲೆ ಬಿಳಿ ಗೆರೆ ಎದ್ದು ಹಾಗೇ ಮಾಯವಾಯಿತು, ರಕ್ತವಿಲ್ಲ, ಕೀವಿಲ್ಲ, ಎಂಥ ಪುಣ್ಯವಂತೆ, ಎರಡು ಸಲ ಕೆರೆದರೆ ಮುಗಿಯುವ ತುರಿಕೆ ಇಟ್ಟುಕೊಂಡು ಬಸ್ಸಿನಲ್ಲಿ ನಿಂತಿದ್ದಾಳೆ, ಅವಳಿಗೆ ಅದರ ಬೆಲೆಯೇ ಗೊತ್ತಿಲ್ಲ. ನಾನೇಕೆ ಅವಳನ್ನೇ ನೋಡುತ್ತಿದ್ದೇನೆ, ಹಾಗೆ ನೋಡಬಾರದು, ಆದರೆ ಕಣ್ಣಿಗೆ ಇದೇ ಕಸುಬಾಗಿದೆ, ಯಾರು ಎಲ್ಲಿ ಕೆರೆದುಕೊಂಡರೂ ಅಲ್ಲಿಗೇ ಹೋಗಿ ಕೂರುತ್ತದೆ, ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಇಲಿಗಳು ಕೆರೆದುಕೊಳ್ಳುವ ವಿಡಿಯೊ ನೋಡುವವಳಿಗೆ ಲೋಕದಲ್ಲಿ ಇನ್ನೇನು ಕಂಡೀತು, ನೀತಾ ಏನ್ ಕೆಲಸಾ ಮಾಡತಾಳ್ರೀ ಅಂತ ನೆಂಟರು ಕೇಳಿದರೆ ಸೈಂಟಿಸ್ಟ್ ಅದಾಳ್ರೀ ಅನ್ನುತ್ತಾನೆ ಮಾಂತು, ನನ್ನ ಗಂಡ, ಎದೆಯುಬ್ಬಿಸಿ, ಸೈಂಟಿಸ್ಟಂತೆ, ಇಲಿ ಹಿಂಗಾಲೆತ್ತಿ ಕಿವಿಯ ಹಿಂದೆ ಕೆರೆದುಕೊಂಡರೆ ಒಂದು ಗುಂಡಿ ಒತ್ತುವುದು, ಕಾಲು ಇಳಿಸಿದರೆ ಇನ್ನೊಂದು ಗುಂಡಿ ಒತ್ತುವುದು, ಇಷ್ಟೇ ನನ್ನ ಸೈನ್ಸು, ಒತ್ತಿ ಒತ್ತಿ ಬೆರಳ ತುದಿ ಜಡ್ಡುಗಟ್ಟಿದೆ. ಪುಢೇ ಸರಕಾ, ಪುಢೇ ಸರಕಾ, ಮುಂದೆ ಸರಿಯಲು ಜಾಗವೇ ಇಲ್ಲದ ಕಡೆ ಕಂಡಕ್ಟರ್ ಕೂಗುತ್ತಾನೆ, ಶಿವಾಜಿನಗರದಲ್ಲೇ ಬಸ್ಸು ತುಂಬಿ ತುಳುಕಿದೆ, ಇನ್ನು ಧನಕವಡಿಯವರೆಗೂ ಹೀಗೇ, ನನಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತಲ್ಲ, ಇವತ್ತಿನ ದಿನಕ್ಕೆ ಅದಾದರೂ ಸಿಕ್ಕಿತು.

ಕಿಟಕಿ — ವಿಂಡೋ ಮಿಳಾಲೀ, ನೀತಾ, ವಿಂಡೋ ಮಿಳಾಲೀ ಆಪಲ್ಯಾಲಾ, ಬಾಳಕೃಷ್ಣ ಸರ್ ಇವತ್ತು ಬೆಳಿಗ್ಗೆ ಕುಣಿಯುವುದೊಂದು ಬಾಕಿ, ನಮ್ಮ ಲ್ಯಾಬಿನ ದೊಡ್ಡವರು, ನಗುವುದೇ ಅಪರೂಪ, ನಮಗೆ ಕಿಟಕಿ ಸಿಕ್ಕಿತು ಅಂತ ಪೇಢೆ ತರಿಸಿದರು, ಕೇಸರಿ ಪೇಢೆ, ತಾವೇ ಡಬ್ಬಿ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದರು, ತೆಗೆದುಕೊಂಡೆ, ನುಂಗಿದೆ, ಸಿಹಿಯಾಗಿಯೇ ಇತ್ತು. ಕಿಟಕಿ ಅಂದರೆ ಹುಟ್ಟಿದ ಮೊದಮೊದಲ ದಿನಗಳು, ಆ ದಿನಗಳಲ್ಲಿ ಚರ್ಮ ಇನ್ನೂ ಕಲಿಯುತ್ತಿರುತ್ತದೆ, ಹೊರಗಿನದನ್ನು ಹೊರಗಿಡುವುದು, ಒಳಗಿನದನ್ನು ಒಳಗಿಡುವುದು, ಆಗ ಅದನ್ನು ಕಾಪಾಡಿದರೆ ಜೀನು ಕೆಟ್ಟಿದ್ದರೂ ಹೇಗೋ ದಾರಿ ಕಂಡುಕೊಳ್ಳುತ್ತದೆ, ಆ ದಿನಗಳು ಕಳೆದವೋ ಕಿಟಕಿ ಮುಚ್ಚಿತು, ಆಮೇಲೆ ಅದೇ ಮುಲಾಮನ್ನು ಎಷ್ಟು ಬಳಿದರೂ ಗೋಡೆಗೆ ಬಳಿದ ಹಾಗೆ. ನಾವೇ ಜೀನು ಕೆಡಿಸಿ ಹುಟ್ಟಿಸಿದ ಇಲಿಗಳು ಅವು, ಚರ್ಮದ ಪದರಗಳನ್ನು ಗಾರೆಯ ಹಾಗೆ ಹಿಡಿದಿಡುವ ಒಂದು ಪ್ರೋಟೀನು ಇದೆ, ಅದನ್ನು ಮಾಡುವ ಜೀನು, ನನ್ನ ಮಗಳ ರಕ್ತದಲ್ಲಿ ಕೆಟ್ಟಿರುವುದೂ ಅದೇ, ಅದಕ್ಕೇ ತಾನೆ ನಾನು ಸಕ್ಕರೆ ಕಾಯಿಲೆಯ ಇಲಿಗಳ ಕೆಲಸ ಬಿಟ್ಟು ಸರ್ ಬೆನ್ನು ಹತ್ತಿ, ಕಾಡಿ ಬೇಡಿ ಈ ಇಲಿಗಳ ಕೋಣೆಗೆ ಬಂದದ್ದು, ಒಂದು ದಿನ ಇಲ್ಲಿಂದಲೇ ಮುಲಾಮಿನ ಟ್ಯೂಬು ಪರ್ಸಿನಲ್ಲಿ ಹಾಕಿಕೊಂಡು ಮನೆಗೆ ಓಡುತ್ತೇನೆ ಅಂತ, ಎಂಥ ಹುಚ್ಚಿ. ಎಲ್ಲ ಮರಿಗಳಿಗೂ ಹುಟ್ಟಿದ ವಾರದಲ್ಲೇ ಬೆನ್ನ ಮೇಲೆ ಟೇಪು ಅಂಟಿಸಿ ಕಿತ್ತೆವು, ಮೆಲ್ಲಗೆ, ಗಾಯವಾಗದ ಹಾಗೆ, ಚರ್ಮಕ್ಕೆ ದಿನದಿನದ ತಿಕ್ಕಾಟ ಇರುತ್ತದಲ್ಲ, ಅದರ ಬದಲಿಗೆ ಅದು, ಅರ್ಧ ಮರಿಗಳಿಗೆ ಅವತ್ತಿನಿಂದಲೇ ಮುಲಾಮು, ಇನ್ನರ್ಧಕ್ಕೆ ಬೆಳೆದು ದೊಡ್ಡವಾದ ಮೇಲೆ ಅದೇ ಮುಲಾಮು, ಮೊದಲನೆಯವುಗಳ ಮೈ ಏನೂ ಆಗದ ಇಲಿಗಳ ಹಾಗೆ ನುಣ್ಣಗಾಯಿತು, ಎರಡನೆಯವು ಕೆರೆದುಕೊಳ್ಳುತ್ತಲೇ ಉಳಿದವು, ಮುಲಾಮು ಹಚ್ಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇಲಿ ಬೇರೆ ಮನುಷ್ಯ ಬೇರೆ ಅಂತ ಸರ್ ಪ್ರತಿ ಭಾಷಣದ ಕೊನೆಗೆ ಹೇಳುತ್ತಾರೆ, ನಾನೂ ತಲೆಯಾಡಿಸುತ್ತೇನೆ, ಇವತ್ತು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಳ್ಳೋಣವೆಂದರೆ ಕೈಗೆ ನಿಲ್ಲುತ್ತಿಲ್ಲ, ಇಷ್ಟು ದಿನ ಈ ಇಲಿಗಳನ್ನು ನಂಬಿಕೊಂಡೇ ತಾನೆ ನಾನು ನಿದ್ದೆ ಮಾಡಿದ್ದು, ಒಳ್ಳೆಯದಾದರೆ ನಂಬುತ್ತೇನೆ ಕೆಟ್ಟದಾದರೆ ನಂಬುವುದಿಲ್ಲ ಅಂದರೆ ಹೇಗೆ.

ಸಣ್ಣ ಇಲಿ, ದೊಡ್ಡ ಇಲಿ — ಆ ಹೆಸರು ಇಟ್ಟವಳು ನನ್ನ ಮಗಳು ರೇಣು, ಲ್ಯಾಬಿನಲ್ಲಿ ಅವಕ್ಕೆ ಎ ಮತ್ತು ಬಿ, ಒಂದು ಭಾನುವಾರ ಬಾಲ್ಕನಿಯಲ್ಲಿ ಅವಳ ಬೆನ್ನಿಗೆ ಎಣ್ಣೆ ಹಚ್ಚುತ್ತ ಏನೋ ಹೇಳಿ ಅಳು ನಿಲ್ಲಿಸಬೇಕಿತ್ತು, ಹೇಳಿದೆ, ಕೆಲವು ಇಲಿಗೆ ಸಣ್ಣವಿದ್ದಾಗಿಂದಲೇ ಔಷಧ, ಕೆಲವಕ್ಕೆ ದೊಡ್ಡವಾದ ಮೇಲೆ, ಅಳು ನಿಲ್ಲಿಸಿ ಯೋಚನೆ ಮಾಡಿದಳು, ಎರಡನೇ ಕ್ಲಾಸಿನ ಹುಡುಗಿ, ಹುಬ್ಬು ಗಂಟಿಕ್ಕಿ ಥೇಟ್ ಅವಳಜ್ಜನ ಹಾಗೆ, ಆಮೇಲೆ ಅಂದಳು, ಹಂಗಾದ್ರ ನಾ ದೊಡ್ಡ ಇಲಿ, ಹೌದಲ್ಲ ಮಮ್ಮಿ, ನನಗ ಸಣ್ಣಾಕಿ ಇದ್ದಾಗ ಯಾರೂ ಹಚ್ಚಿಲ್ಲ. ಹೌದು ಅಂದೆ, ನಗುತ್ತ ಅಂದೆ, ಯಾಕೆಂದರೆ ಆಗ ನನಗೆ ಎರಡೂ ಗೆಲ್ಲುವ ಇಲಿಗಳೇ, ಅವತ್ತಿನಿಂದ ದಿನಾ ನಾನು ಚಪ್ಪಲಿ ಬಿಡುವುದರೊಳಗೆ ಬಾಗಿಲಿಗೆ ಬರುತ್ತಾಳೆ, ಮಮ್ಮಿ ಇಲಿ ಆರಾಮ ಆದವ, ಇನ್ನೂ ಇಲ್ಲವ್ವ, ನಾಳಿಗ್ಯ, ನೋಡೋಣ, ದೊಡ್ಡ ಇಲೀನೂ ಆರಾಮ ಆಗತಾವ, ನೋಡೋಣ — ಈ ನೋಡೋಣ ಅನ್ನುವ ಮಾತಿನ ಮೇಲೆ ಎಷ್ಟು ದಿನ ಸಂಸಾರ ಮಾಡಿದೆ ನಾನು. ಮೊಣಕಾಲ ಹಿಂದೆ, ಮೊಣಕೈ ಒಳಗೆ, ಕತ್ತಿನ ಸುತ್ತ, ಕಿವಿಯ ಬುಡದಲ್ಲಿ, ಚರ್ಮವೆನ್ನುವುದು ಎಲ್ಲಿದೆಯೋ ಅಲ್ಲಿ, ಕೆಂಪು ಮಾಂಸ ಕಾಣುತ್ತದೆ, ಒಣಗಿದರೆ ಬಿರುಕು, ಬಿರುಕಿನಿಂದ ನೀರು, ಬೆಳಿಗ್ಗೆ ಫ್ರಾಕು ಬೆನ್ನಿಗೆ ಅಂಟಿಕೊಂಡಿರುತ್ತದೆ, ಬಿಸಿನೀರಲ್ಲಿ ನೆನೆಸಿ ನೆನೆಸಿ ಬಿಡಿಸಬೇಕು, ಶಾಲೆಯಲ್ಲಿ ಪಕ್ಕದ ಹುಡುಗಿಯ ತಾಯಿ ಬಂದು ಮೇಡಂಗೆ ಹೇಳಿ ಜಾಗ ಬದಲಾಯಿಸಿಕೊಂಡಳಂತೆ, ಈಗ ರೇಣು ಕೊನೆಯ ಬೆಂಚಿನಲ್ಲಿ ಒಬ್ಬಳೇ, ಭಾಳ ಛಲೋ ಅದ ಮಮ್ಮಿ, ಎರಡೂ ಕಡೆ ಕಾಲ ಚಾಚಬಹುದು, ಅಂದಳು, ನನ್ನ ಸಮಾಧಾನಕ್ಕೆ ಅಂದಳು, ನನಗೆ ಗೊತ್ತಾಗುವುದಿಲ್ಲವೇ. ಮಲಗುವಾಗ ಕೈಗೆ ಕಾಲುಚೀಲ ಹಾಕಿ ಮಣಿಕಟ್ಟಿಗೆ ದಾರ ಕಟ್ಟುತ್ತೇನೆ, ನಿದ್ದೆ ಬಂದ ಮೇಲೆ ಕೈ ಸೋತರೂ ಕಾಲು ಬಿಡುವುದಿಲ್ಲ, ಒಂದು ಕಾಲಿನಿಂದ ಇನ್ನೊಂದನ್ನು ಉಜ್ಜುತ್ತದೆ, ನಾನು ಆ ಕಾಲನ್ನು ಹಿಡಿದುಕೊಂಡರೆ ಹಿಡಿದ ಕೈಯೊಳಗೇ ಎಳೆಯುತ್ತದೆ, ಎತ್ತಿದರೆ ಗಾಳಿಯಲ್ಲಿ ಕೆರೆಯುತ್ತದೆ, ಏನೂ ಇಲ್ಲದ ಕಡೆ, ಬರೀ ಗಾಳಿಯನ್ನು.

ಫೋನು — ಅತ್ತೆಯದು, ಪರ್ಸಿನ ತಳದಲ್ಲಿ ಎಲ್ಲಿ ಸೇರಿಕೊಂಡಿದೆಯೋ, ಬಾಜೂಚೀ ಖಿಡಕೀ ಬಂದ್ ಕರಾ ತಾಈ, ಧೂಳ ಯೇತೇ ಅನ್ನುತ್ತಾರೆ ಹಿಂದಿನ ಸೀಟಿನವರು, ಮುಚ್ಚುತ್ತೇನೆ ತಡೀರಪ್ಪ, ಒಂದೇ ಸಲಕ್ಕೆ ಎಷ್ಟು ಜನ ನನ್ನ ಜೀವ ತಿನ್ನುವುದು, ಹಲೋ, ಹಾಂ ಅತ್ತಿ ಹೇಳ್ರಿ. ಎಲ್ಲಿದ್ದೀ ನೀತಾ, ಸ್ವಾರಗೇಟ್ ಬಂತೇನ, ಇಲ್ರಿ ಇನ್ನೂ, ಟ್ರಾಫಿಕ್ ಅದ, ಹೌದಾ, ಲಗೂನ ಬಾರವ್ವ, ಪಾಪೂಗ ಎರೀಬೇಕು, ನೀರ ಕಾದಾವ, ಇವತ್ತ ಸೋಮವಾರ, ಛಲೋ ದಿನ ಅದ, ತೊಟ್ಟಿಲದಾಗ ಹಾಕೂದೂ ಆತು, ಇವತ್ತಿಂದ ಕಣಕ ಹಚ್ಚಾಕ ಶುರೂ ಮಾಡತೀನಿ, ಭಾಮಾಗ ಬಗ್ಗಾಕ ಬರೂದಿಲ್ಲ, ನೀರ ಹಾಕಾಕ ನೀನ ಬೇಕು, ದೀಪ ಹಚ್ಚೂದರೊಳಗ ಎರದ ಮುಗಸಬೇಕು ಮತ್ತ. ಅತ್ತಿ, ನಾ ಬರೂತನಕ ತಡೀರಿ, ಅಂದೆ, ನನ್ನ ದನಿ ನನಗೇ ಕೇಳಿಸಲಿಲ್ಲ, ಅತ್ತಿ, ಕಣಕ ಕಲಸಬ್ಯಾಡ್ರಿ ಈಗ, ಹಾಂ, ಏನಂದಿ, ಕೇಳವಲ್ಲದು, ಕಲಸೇನಿ ಕಲಸೇನಿ, ಎಣ್ಣಿ ಅರಿಷಿಣ ಹಾಕಿ ಮುಚ್ಚಿಟ್ಟೀನಿ, ಅಂದ ಹಾಂಗ ಇಲಿ ಆರಾಮ ಆದವೇನ, ನಿನ್ನ ಮಗಳು ಸಾಲಿಯಿಂದ ಬಂದಾಗಿಂದ ಒಂದ ಸವನ ತಲಿ ತಿನ್ನಾಕ ಹತ್ಯಾಳ. ಬಂದ ಹೇಳತೀನ್ರಿ, ಅಂದೆ, ಇಟ್ಟೆ. ಹೇಳಬಹುದಿತ್ತು, ಒಂದೇ ಮಾತು, ತಿಕ್ಕಬೇಡಿ, ಬಸ್ಸಿನ ತುಂಬ ಜನ, ಯಾರಿಗೂ ಕನ್ನಡ ಬಾರದು, ಕೂಗಿ ಹೇಳಿದ್ದರೂ ನಡೆಯುತ್ತಿತ್ತು, ಯಾಕೆ ಹೇಳಲಿಲ್ಲ, ಯಾಕೆ ಅಂತ ಗೊತ್ತು, ಯಾಕ ಅಂತ ಅವರು ಕೇಳುತ್ತಾರೆ, ಆ ಯಾಕಕ್ಕೆ ಉತ್ತರ ರೇಣು.

ಭಾಮಾ ಅಂದರೆ ನನ್ನ ನಾದಿನಿ, ಮಾಂತುವಿನ ತಂಗಿ, ಬಾಣಂತನಕ್ಕೆ ಬಂದಿದ್ದಾಳೆ, ಒಳಕೋಣೆಯಲ್ಲಿ ಕಿವಿಗೆ ಅರಿವೆ ಕಟ್ಟಿಕೊಂಡು ಮಲಗಿದ್ದಾಳೆ, ಅವಳ ಪಕ್ಕ ಆ ಮುದ್ದೆ, ಇನ್ನೂ ಕಣ್ಣು ನಿಲ್ಲುವುದಿಲ್ಲ, ಮುಷ್ಟಿ ಬಿಗಿದುಕೊಂಡೇ ಇರುತ್ತದೆ, ನಾನು ಮೊನ್ನೆ ಯಾರೂ ಇಲ್ಲದಾಗ ಒಂದೊಂದೇ ಬೆರಳು ಬಿಡಿಸಿ ಅಂಗೈ ನೋಡಿದೆ, ಗೆರೆ ಎಷ್ಟಿವೆ ಅಂತ, ಅಷ್ಟು ಎಳೆಯ ಅಂಗೈಯಲ್ಲಿ ಏನೂ ತಿಳಿಯುವುದಿಲ್ಲ, ಆದರೂ ನೋಡಿದೆ. ಅತ್ತೆಯ ಅಂಗೈ ತುಂಬ ಗೆರೆ, ಇಷ್ಟು ಗೆರೆ ನಾನು ಯಾರ ಕೈಯಲ್ಲೂ ನೋಡಿಲ್ಲ, ಬೇಸಿಗೆಯ ಕೆರೆಯ ತಳ ಸೀಳಿರುತ್ತದಲ್ಲ ಹಾಗೆ, ಅವರ ಊರು ಇಂಡಿಯಲ್ಲಿ ಯಾವನೋ ಕೈ ನೋಡುವವನು ಹೇಳಿದ್ದನಂತೆ, ಬಸವಣ್ಣೆವ್ವಾ, ನಿನ್ನ ಕೈಯಾಗ ಎಷ್ಟ ಗೆರಿ ಅದಾವ ಅಷ್ಟ ಕೂಸುಗಳ ಹಣೇಬರಹ ಅದಾವ ಅಂತ, ಅದನ್ನು ಅವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ, ಊರಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯಲು ಅವರನ್ನೇ ಕರೆಯುತ್ತಿದ್ದರು, ಆ ಕೈಯಲ್ಲಿ ಎರೆಸಿಕೊಂಡ ಕೂಸು ಬಂಗಾರದಂಥ ಮೈ ಆಗುತ್ತದೆ ಅಂತ ಹೆಸರು, ಮತ್ತು ಆ ಗೆರೆಗಳೇ ಜೀನಿನ ಗುರುತು ಅಂತ ನನಗೆ ಗೊತ್ತು, ಕೆಟ್ಟ ಜೀನು ಅವರಿಂದ ಮಾಂತುವಿಗೆ, ಮಾಂತುವಿನಿಂದ ರೇಣುವಿಗೆ, ಹಾಗಾದರೆ ಭಾಮಾಗೂ ಬಂದಿರಬಹುದು, ಭಾಮಾಳಿಂದ ಆ ಮುದ್ದೆಗೂ. ರೇಣು ಹುಟ್ಟಿದಾಗ ನಾನೂ ಹೀಗೇ ಒಳಗೆ ಮಲಗಿದ್ದೆ, ಬಚ್ಚಲಿಂದ ಕೇಳುತ್ತಿತ್ತು, ಕೂಸು ಚೀರುವುದು, ಅತ್ತೆ ಹಾಡುವುದು, ಲೋಬಾನದ ಹೊಗೆ, ಆಮೇಲೆ ಬಿಳಿ ಅರಿವೆಯಲ್ಲಿ ಸುತ್ತಿ ತಂದು ನನ್ನ ಮಗ್ಗುಲಿಗೆ ಇಡುತ್ತಿದ್ದರು, ಮೈ ಕೆಂಪು ಕೆಂಪು, ನೋಡ ಹೆಂಗ ಬಣ್ಣ ಬಿಟ್ಟಾಳ ನಿನ್ನ ಮಗಳು, ಮೈಮ್ಯಾಲಿನ ಕೂದಲಾ ಎಲ್ಲಾ ಬಂದಾವ, ದಿನಾ ಕಣಕದ ಉಂಡೆ ಬೆನ್ನ ಮೇಲೆ, ತೋಳ ಮೇಲೆ, ತೊಡೆಯ ಮೇಲೆ, ಉರುಳಿಸಿ ಉರುಳಿಸಿ ತಿಕ್ಕುವುದು, ನವಿರು ಕೂದಲೆಲ್ಲ ಹಿಟ್ಟಿಗೆ ಅಂಟಿ ಬರಬೇಕು, ಸುಡುವ ನೀರು, ಮತ್ತೆ ಕಣಕ, ನಲವತ್ತು ದಿನ, ಎರಡು ಹೊತ್ತು, ಎಷ್ಟು ಪ್ರೀತಿಯಿಂದ, ಸೊಂಟ ಹಿಡಿದುಕೊಂಡರೂ ಒಂದು ಹೊತ್ತು ತಪ್ಪಿಸಲಿಲ್ಲ. ಅಂಟಿಸುವುದು, ಕೀಳುವುದು. ಅಂಟಿಸುವುದು, ಕೀಳುವುದು. ನಾವು ಇಲಿಗಳಿಗೆ ಟೇಪಿನಲ್ಲಿ ಮಾಡಿದ್ದನ್ನು ಅತ್ತೆ ಗೋಧಿ ಹಿಟ್ಟಿನಲ್ಲಿ ಮಾಡಿದರು, ಹಾಡು ಹೇಳುತ್ತ.

ಇಲ್ಲ, ಹಾಗೆ ಹೇಳಲಾಗದು, ಇದಕ್ಕೆ ಪುರಾವೆ ಇಲ್ಲ, ಯಾವ ಸೆಮಿನಾರಿನಲ್ಲೂ ಇದನ್ನು ನಿಂತು ಹೇಳಲು ನನಗೆ ಬಾಯಿ ಬರದು, ಕಣಕದಲ್ಲಿ ಎರೆಸಿಕೊಂಡ ಸಾವಿರ ಕೂಸುಗಳು ಚೆನ್ನಾಗಿವೆ, ಮಾಂತುವೂ ಆ ಕೈಯಲ್ಲೇ ಎರೆಸಿಕೊಂಡವನು, ಅವನಿಗೆ ಚಳಿಗಾಲದಲ್ಲಿ ಮೊಣಕಾಲು ಒಡೆಯುವುದು ಬಿಟ್ಟರೆ ಏನಿಲ್ಲ, ಎಲ್ಲವೂ ಇರಬಹುದು, ಏನೂ ಇಲ್ಲದಿರಬಹುದು, ಆದರೆ ಬೇರೆಯವರ ಸೊಸೆ ಬಂದು ನನ್ನನ್ನು ಕೇಳಿದರೆ ನಾನು ಏನೆನ್ನುತ್ತೇನೆ, ತಿಕ್ಕಬೇಡಿ ಎನ್ನುತ್ತೇನೆ, ಕ್ಷಣವೂ ಯೋಚಿಸದೆ. ಸ್ವಾರಗೇಟ್ ಬಂತು, ಅರ್ಧ ಬಸ್ಸು ಇಳಿದು ಒಂದೂವರೆ ಬಸ್ಸು ಹತ್ತಿತು, ದಾಳಿಂಬೆ ಉಗುರಿನವಳು ಇಳಿದಳು, ಅವಳು ಮತ್ತೆ ಕೆರೆದುಕೊಳ್ಳಲೇ ಇಲ್ಲ. ಹೋದ ವರ್ಷ ವಿಠ್ಠಲನ ಭಕ್ತರ ಪಾಲಖಿ ಸಾಸವಡದಲ್ಲಿ ಇಳಿದಾಗ ಅತ್ತೆ ರೇಣುವನ್ನು ಎತ್ತಿಕೊಂಡು ಹೋಗಿದ್ದರು, ಆ ಜನಜಂಗುಳಿಯಲ್ಲಿ, ನಮ್ಮದು ಇಷ್ಟಲಿಂಗದ ಮನೆ ಅತ್ತಿ, ನಮಗ್ಯಾಕ ವಿಠ್ಠಲ ಅಂದರೆ ದೇವರ ಮುಂದ ನಿನ್ನ ಲಾ ಪಾಯಿಂಟ್ ಬ್ಯಾಡ ಅಂದಿದ್ದರು, ಯಾರೋ ವಾರಕರಿ ಮುದುಕರ ಕೈಯಿಂದ ಅವಳ ಹಣೆಗೆ ಬುಕ್ಕಾ ಹಚ್ಚಿಸಿ ತಂದರು, ಆ ಕರಿ ಪುಡಿಗೆ ಹಣೆಯೆಲ್ಲ ಊದಿಕೊಂಡು ಕೆಂಡವಾಯಿತು, ಅತ್ತೆ ದೇವರ ಜಗಲಿಯ ಮುಂದೆ ಕೂತು ಅತ್ತರು, ಊಟ ಬಿಟ್ಟರು, ಒಂದು ಚಿಟಿಕೆ ಬುಕ್ಕಾಕ್ಕೆ ಊಟ ಬಿಟ್ಟವರು ನಲವತ್ತು ದಿನದ ಕಣಕಕ್ಕೆ ಏನು ಮಾಡಿಕೊಳ್ಳುತ್ತಾರೆ. ಶಾಲೆಗೆ ಸೇರಿಸಲು ಹೋದಾಗ ಮೇಡಂ ಕೇಳಿದ್ದರು, ತುಝೀ ಆಈ ಕುಠೇ ಆಹೇ, ಮರಾಠಿಯಲ್ಲಿ ಆಈ ಅಂದರೆ ತಾಯಿ, ನಮ್ಮ ಮನೆಯಲ್ಲಿ ಆಯಿ ಅಂದರೆ ಅಜ್ಜಿ, ರೇಣು ನನ್ನನ್ನು ದಾಟಿ ಹೋಗಿ ಅತ್ತೆಯ ಸೆರಗು ಹಿಡಿದು ಇಕೀ ಅಂತ ತೋರಿಸಿದಳು, ಎಲ್ಲರೂ ನಕ್ಕರು, ನನಗೂ ನಗು ಬಂತು, ಸ್ವಲ್ಪ ಹೊಟ್ಟೆಯೂ ಉರಿಯಿತು, ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನಿದೆ, ನಾನು ಇಲಿಗಳ ಜೊತೆ ಇರುವ ಹೊತ್ತೆಲ್ಲ ಅವಳ ಜೊತೆ ಇರುವವರು ಅವರೇ, ಕೆರೆಯಬಾರದೆಂದು ಎರಡೂ ಕೈ ಹಿಡಿದು ಕೂತು ಕಥೆ ಹೇಳುವವರು ಅವರೇ.

ಮಧ್ಯಾಹ್ನ ಎಲ್ಲ ಮುಗಿಸಿದೆವು, ಎ ಕೂಡ, ಬಿ ಕೂಡ — ಇದನ್ನು ರೇಣುವಿಗೆ ಯಾವತ್ತೂ ಹೇಳಿಲ್ಲ, ಆರಾಮಾದ ಇಲಿಗಳು ಆಮೇಲೆ ಎಲ್ಲಿಗೆ ಹೋಗುತ್ತವೆ ಅಂತ ಅವಳು ಕೇಳಿದ್ದಳು, ಅವರವರ ಮನೆಗೆ ಅಂದಿದ್ದೆ, ಪ್ರಯೋಗ ಮುಗಿದರೆ ಎಲ್ಲವನ್ನೂ ಡಬ್ಬಿಯಲ್ಲಿಟ್ಟು ಗ್ಯಾಸು ಬಿಡಬೇಕು, ಚರ್ಮವನ್ನು ಕತ್ತರಿಸಿ ಗಾಜಿನ ಮೇಲಿಟ್ಟು ನೋಡಬೇಕು, ಆರಾಮಾದವು ಹೇಗೆ ಆರಾಮಾದವು ಅಂತ ತಿಳಿಯಬೇಕಲ್ಲ, ನುಣ್ಣನೆಯ ಮೈಯ ಸಣ್ಣ ಇಲಿಗಳನ್ನೇ ಮೊದಲು ಮಾಡಿದೆವು, ಕೈಗೆ ರೂಢಿಯಾಗಿದೆ. ಬಿ ಗುಂಪಿನ ಕೊನೆಯದು, ಕತ್ತಿನ ಹಿಂದೆ ರೋಮವೇ ಇಲ್ಲದ್ದು, ಚಕ್ಕೆ ಎದ್ದು ಮಾಂಸ ಕಾಣುವಂಥದ್ದು, ಕತ್ತಿನ ಹಿಂದಿನ ಚರ್ಮ ಹಿಡಿದು ಎತ್ತಬೇಕು, ಅದೇ ಹಿಡಿಯುವ ಕ್ರಮ, ಎತ್ತಿದೆ, ಕೈಯಲ್ಲಿ ನೇತಾಡುತ್ತ ಹಿಂಗಾಲಿನಿಂದ ಕೆರೆಯತೊಡಗಿತು, ಕಾಲಿಗೆ ಕತ್ತು ಎಟುಕುವುದಿಲ್ಲ, ಗಾಳಿಯನ್ನೇ ಕೆರೆಯುತ್ತಿದೆ, ಸರಸರ ಸರಸರ, ಉಗುರು ನಾನೇ ಕತ್ತರಿಸಿದ್ದು, ಗಾಯವಾಗಬಾರದೆಂದು, ಮನೆಯಲ್ಲಿ ಸೋಮವಾರ ಮಂಗಳವಾರ ಶುಕ್ರವಾರ ಉಗುರು ತೆಗೆಯಬಾರದೆಂದು ಅತ್ತೆ ಬೈಯುತ್ತಾರೆ, ಇಲಿಗಳಿಗೆ ವಾರವಿಲ್ಲ, ಡಬ್ಬಿಯಲ್ಲಿಟ್ಟೆ, ಮುಚ್ಚಿದೆ, ಗ್ಯಾಸಿನ ಸಪ್ಪಳ, ಒಂದು ಮಗ್ಗುಲಾಗಿ ಬಿತ್ತು, ಕಣ್ಣು ಹಾಗೇ ಇದೆ, ಕಾಲು ಮಾತ್ರ ಇನ್ನೂ ಕೆರೆಯುತ್ತಿದೆ, ಮೆಲ್ಲಗೆ, ಇನ್ನೂ ಮೆಲ್ಲಗೆ, ಸಾಯುವಾಗಲೂ ಬೇರೆ ಯಾವ ಕೆಲಸವೂ ಅದಕ್ಕೆ ನೆನಪಾಗಲಿಲ್ಲ. ಛಾನ್ ಕಾಮ ಝಾಲಂ, ಕೆಲಸ ಚೆನ್ನಾಗಿ ಆಯಿತು, ಈಗ ಪೇಪರ್ ಬರೆಯೋದೊಂದೇ, ಅಂದರು ಸರ್ ಹಿಂದಿನಿಂದ, ನಿಮ್ಮ ಹೆಸರೇ ಮೊದಲು ಇರುತ್ತೆ ನೀತಾ, ಒಳ್ಳೆಯ ಮನುಷ್ಯ, ರೇಣುವಿನ ವಿಷಯ ಅವರಿಗೂ ಗೊತ್ತು, ಖುಷಿಯಲ್ಲಿ ಮರೆತಿದ್ದರು ಅಷ್ಟೇ, ಆಮೇಲೆ ನೆನಪಾಯಿತು ಅಂತ ಕಾಣುತ್ತದೆ, ಪೇಢೆಯ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ನಿಂತರು, ಮಗಳಿಗೆ ಎರಡು ತಗೊಂಡು ಹೋಗಿ ಅಂದರು. ತಂದಿದ್ದೇನೆ, ಪರ್ಸಿನಲ್ಲಿದೆ, ಕಾಗದದಲ್ಲಿ ಸುತ್ತಿದ್ದು.

ಇಳಿಯಬೇಕು, ಧನಕವಡಿ, ಉತರಾ ಲವಕರ್ ತಾಈ, ಇಳಿಯುತ್ತೇನಪ್ಪ — ಬೀದಿದೀಪ ಇನ್ನೂ ಹತ್ತಿಲ್ಲ, ಬೆಳಕು ಇದೆ, ದೀಪ ಹಚ್ಚೂದರೊಳಗ ಅಂದರೆ ಇನ್ನು ಎಷ್ಟು ಹೊತ್ತು, ಕಾಲು ಎಳೆದು ಹಾಕುತ್ತಿದ್ದೇನೆ, ಓಡಬೇಕು ಅಂತ ಒಂದು ಮನಸ್ಸು, ಇಲ್ಲೇ ಭಾಜಿಯವಳ ಮುಂದೆ ನಿಂತು ಮೆಂತ್ಯ ಆರಿಸುತ್ತ ಹೊತ್ತು ಕಳೆದುಬಿಡಬೇಕು ಅಂತ ಇನ್ನೊಂದು ಮನಸ್ಸು, ಎಂಥ ಮನಸ್ಸು ಅದು, ಒಂದು ಕೂಸಿನ ಬೆನ್ನ ಮೇಲೆ ಕಣಕ ಉರುಳುವವರೆಗೆ ಮೆಂತ್ಯ ಆರಿಸುವ ಮನಸ್ಸು, ಛೀ. ಮಾಂತುವಿಗೆ ಫೋನು ಮಾಡಲೇ, ಮಾರ್ಕೆಟ್ ಯಾರ್ಡಿನಲ್ಲಿರುತ್ತಾನೆ, ಬ್ಯಾಡಗಿ ಮೆಣಸಿನಕಾಯಿಯ ಚೀಲಗಳ ನಡುವೆ, ಫೋನಿನಲ್ಲೇ ಸೀನುತ್ತಾನೆ, ಅವ್ವಗ ನೀನ ಹೇಳಿಬಿಡ ಮಾರಾಯ್ತಿ, ನಿನ್ನ ಮಾತ ಕೇಳತಾಳ ಆಕಿ ಅನ್ನುತ್ತಾನೆ, ಎಲ್ಲದಕ್ಕೂ ಅದೇ ಉತ್ತರ ಅವನದು, ಮನೆಗೆ ಬಂದರೆ ಬಾಗಿಲಲ್ಲೇ ಬಟ್ಟೆ ಬಿಚ್ಚಿ ನೇರ ಬಚ್ಚಲಿಗೆ, ತಲೆಯಿಂದ ಸ್ನಾನ ಮಾಡಿ ಖಾರದ ಧೂಳೆಲ್ಲ ಹೋಗುವವರೆಗೆ ಮಗಳನ್ನು ಮುಟ್ಟುವುದಿಲ್ಲ, ಅವಳು ಬಚ್ಚಲ ಬಾಗಿಲಿಗೆ ಹೊರಗಿನಿಂದ ಬೆನ್ನು ಹಚ್ಚಿ ಕೂತಿರುತ್ತಾಳೆ, ಪಪ್ಪಾ ಆತೇನ, ಆತವ್ವ ಆತು, ಬೆನ್ನನ್ನು ಬಾಗಿಲಿಗೆ ಉಜ್ಜುತ್ತ ಕೂತಿರುತ್ತಾಳೆ, ಆ ಬಾಗಿಲಲ್ಲಿ ಅವಳ ಬೆನ್ನಿನ ಎತ್ತರಕ್ಕೆ ಬಣ್ಣ ಹೋಗಿದೆ. ಅತ್ತೆಗೆ ಹೇಳುವುದು ಹೇಗಾದರೂ ಆದೀತು, ಡಾಕ್ಟರ್ ಬೇಡ ಅಂದಿದ್ದಾರೆ ಅನ್ನಬಹುದು, ಗೋಧಿ ಈಗ ಚೆನ್ನಾಗಿ ಬರುವುದಿಲ್ಲ, ಔಷಧ ಹೊಡೆದಿರುತ್ತಾರೆ ಅನ್ನಬಹುದು, ಸುಳ್ಳಿಗೇನು ಬರ, ಅತ್ತೆಯ ಎದುರು ನನ್ನ ಸುಳ್ಳು ನಡೆದೀತು, ಆದರೆ ಬಾಗಿಲಲ್ಲಿ ನಿಲ್ಲುವವಳು ಅತ್ತೆಯಲ್ಲ. ಅವಳು ಮೊದಲು ಕೇಳುತ್ತಾಳೆ, ಇಲಿ ಆರಾಮ ಆದವ, ಇಲ್ಲ ಅಂದರೆ ಅತ್ತೆ ಕೇಳಿಸಿಕೊಳ್ಳುತ್ತಾರೆ, ಮುಲಾಮಿನಿಂದ ಏನೂ ಆಗಲಿಲ್ಲ ಅಂದ ಮೇಲೆ ನಮ್ಮ ಕಣಕವೇ ಮೇಲು ಅಂತ ಉಂಡೆ ಎತ್ತುತ್ತಾರೆ, ಹೌದು ಅಂದರೆ ರೇಣು ಕೇಳುತ್ತಾಳೆ, ಯಾವ ಇಲಿ. ಆ ಕೂಸನ್ನು ಉಳಿಸುವ ಮಾತೂ ಇವಳನ್ನು ಮುಗಿಸುವ ಮಾತೂ ಒಂದೇ, ಅದನ್ನು ಎರಡು ತುಂಡು ಮಾಡಲು ನಾನು ಶಿವಾಜಿನಗರದಿಂದ ಇಲ್ಲಿವರೆಗೂ ನೋಡಿದೆ, ಆಗಲಿಲ್ಲ.

ಬಾಗಿಲು ತೆರೆದೇ ಇದೆ, ಲೋಬಾನದ ಹೊಗೆ ಮೆಟ್ಟಿಲವರೆಗೂ ಬಂದಿದೆ, ಚಪ್ಪಲಿ ಬಿಡಲಿಲ್ಲ ನಾನು, ಹಾಗೇ ಬಚ್ಚಲಿಗೆ — ಅತ್ತೆ ಸೀರೆ ಮೊಣಕಾಲಿಗೆ ಏರಿಸಿ, ಕಾಲು ಚಾಚಿಕೊಂಡು ಮಣೆಯ ಮೇಲೆ ಕೂತಿದ್ದಾರೆ, ಕಣಗಾಲ ಮೇಲೆ ಕೂಸು ಬೋರಲು, ಬಕೆಟಿನಿಂದ ಹಬೆ, ಬಟ್ಟಲಲ್ಲಿ ಹಳದಿ ಕಣಕ, ನಿಂಬೆಹಣ್ಣಿನಷ್ಟು ಉಂಡೆ ಆಗಲೇ ಕೈಯಲ್ಲಿ, ಬಂದೀ, ಛಲೋ ಆತು, ನೀರ ತೋಡು, ಬಚ್ಚಲ ಹೊಸ್ತಿಲಲ್ಲಿ ರೇಣು ಕುಕ್ಕರಗಾಲಲ್ಲಿ ಕೂತು ಮೊಣಕಾಲ ಹಿಂದೆ ಕೈ ಹಾಕಿದ್ದವಳು ನನ್ನನ್ನು ನೋಡಿ ಕೈ ತೆಗೆದಳು, ಕಳ್ಳಿಯ ಹಾಗೆ, ಮಮ್ಮಿ ಇಲಿ ಆರಾಮ ಆದವ, ಅತ್ತೆಯ ಕೈ ಕೂಸಿನ ಬೆನ್ನಿಗೆ ಇಳಿಯುತ್ತಿದೆ, ಅತ್ತೀ ಬ್ಯಾಡ್ರೀ, ಚೀರಿಬಿಟ್ಟೆ ಅಂತ ಕಾಣುತ್ತದೆ, ಕೂಸು ಬೆಚ್ಚಿತು, ಯಾಕ, ಅತ್ತೆ ಅಂದರು, ಏನಾತು, ತಿಕ್ಕಬ್ಯಾಡ್ರಿ, ಈಗ ತಿಕ್ಕಬಾರದ್ರಿ, ಎಳೀ ಚರ್ಮ ಅದ, ಈಗ ಬರೇ ಎಣ್ಣಿ ಹಚ್ಚಿ ಕಾಪಾಡಬೇಕ್ರಿ, ಸಣ್ಣ ಇಲಿ ಆರಾಮ ಆದವ್ರಿ ಅತ್ತಿ, ಸಣ್ಣವಿದ್ದಾಗಿಂದ ಹಚ್ಚಿದ್ದವು, ಅವು ಆರಾಮ ಆದವು. ಹೇಳಿಬಿಟ್ಟೆ, ಆಯಿತು. ಅತ್ತೆ ಉಂಡೆಯನ್ನು ನೋಡಿದರು, ಆ ಗೆರೆಗೆರೆಯ ಅಂಗೈಯಲ್ಲಿ ಅದು ಹಳದಿಯಾಗಿ ಕೂತಿತ್ತು, ಆಮೇಲೆ ತಲೆಯೆತ್ತಿ ರೇಣುವಿನ ಕತ್ತು ನೋಡಿದರು, ತೋಳು ನೋಡಿದರು, ಮೊಣಕಾಲು ನೋಡಿದರು, ಬಹಳ ಹೊತ್ತು, ಇದಕ್ಕೂ ನಾನ ತಿಕ್ಕಿದ್ದೆ ಅಲ್ಲ ನೀತಾ, ಅಂದರು, ಕೇಳುವ ಹಾಗೆ ಅನ್ನಲಿಲ್ಲ, ಉಂಡೆಯನ್ನು ಬಟ್ಟಲಿಗೆ ಹಾಕಿ ಕೈಯನ್ನು ಸೆರಗಿಗೆ ಒರೆಸಿದರು, ಮತ್ತೆ ಒರೆಸಿದರು. ರೇಣು ಮಾತ್ರ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಾಳೆ, ಆಯಿ, ಸಣ್ಣ ಇಲಿ ಆರಾಮ ಆದವು, ಆರಾಮ ಆದವು, ಎಷ್ಟು ಖುಷಿ ಅವಳಿಗೆ, ಯಾರದೋ ಇಲಿಗೆ, ನಾನು ಪರ್ಸಿನಲ್ಲಿ ಪೇಢೆ ಹುಡುಕುತ್ತೇನೆ, ಕಾಗದ ಸಿಗುತ್ತದೆ, ಅವಳು ಚಪ್ಪಾಳೆ ನಿಲ್ಲಿಸಿದಳು, ಹುಬ್ಬು ಗಂಟಿಕ್ಕಿದಳು, ನನ್ನ ಸೀರೆಯ ನೆರಿಗೆ ಹಿಡಿದಳು, ದೊಡ್ಡ ಇಲಿ, ಮಮ್ಮಿ — ಅತ್ತೆ ಮುಖ ಆ ಕಡೆ ತಿರುಗಿಸಿದರು, ಒಳಗಿಂದ ಭಾಮಾ ಏನೋ ಕೇಳುತ್ತಿದ್ದಾಳೆ, ನೀರು ಆರುತ್ತಿದೆ, ಯಾರಾದರೂ ದೀಪ ಹಚ್ಚಬೇಕು, ದೊಡ್ಡ ಇಲಿ ಆರಾಮ ಆದವ ಮಮ್ಮಿ, ಪೇಢೆ ತಂದೀನಿ ನೋಡು, ಕೇಸರಿ ಪೇಢೆ, ಆದವ, ಇಲಿ, ದೊಡ್ಡ ಇಲಿ, ಡಬ್ಬಿಯಲ್ಲಿ ಒಂದು ಮಗ್ಗುಲಾಗಿ, ಕಣ್ಣು ಹಾಗೇ ಇದೆ, ಕಾಲು, ಆ ಹಿಂಗಾಲು, ಮೆಲ್ಲಗೆ, ಏನೂ ಎಟುಕದ ಕಡೆ, ಗಾಳಿಯನ್ನು, ಇನ್ನೂ, ಗಾಳಿಯನ್ನು ಕೆರೆಯುತ್ತ